ಮಗಳಿಗೊಂದು ಕಂಪ್ರೆಸರ್

"ಅಮ್ಮಾ, ನನಗೊಂದು ಒಳ್ಳೇ ಕಂಪ್ರೆಸರ್ ಬೇಕು" ಎಂದು ಬೆಂಗಳೂರಿನಿಂದ ಮಗಳು ಫೋನ್ ಮಾಡಿದಾಗ ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. "ಯಾಕೇ, ಫ್ರಿಜ್ ಕೆಟ್ಟಿತೇ? ತೊಗೊಂಡು ಎರಡು ವರ್ಷವೂ ಆಗಲಿಲ್ಲವಲ್ಲ. ಗ್ಯಾರಂಟಿ ಕಾರ್ಡು ಎಲ್ಲಿಟ್ಟಿದ್ದೀಯ, ಮೊದಲು ಅದನ್ನು ಹುಡುಕು" ಎಂದೆ. ಆ ಕಡೆಯಿಂದ ನಗು. "ಫ್ರಿಜ್ಜಿಗಲ್ಲಮ್ಮ, ಬೇಸ್ ಗಿಟಾರಿಗೆ."

ಗಿಟಾರಿಗೂ ಕಂಪ್ರೆಸರ್ ಬೇಕೆಂದು ಯಾರಿಗೆ ಗೊತ್ತಿತ್ತು? ಅದೇನು ತಣ್ಣಗಿಡಬೇಕಾದ ಪದಾರ್ಥವೇ? ಆದರೆ ಅವಳ ದನಿಯಲ್ಲಿ ನಗುವಿನ ಹಿಂದೆ ಇನ್ನೇನೋ ಇತ್ತು. ತಾಯಂದಿರಿಗೆ ಅದು ಫೋನಿನಲ್ಲೂ ಕೇಳಿಸುತ್ತದೆ. ಒಗ್ಗರಣೆ ಸೀದರೂ ಸರಿಯೆಂದು ಒಲೆ ಆರಿಸಿ ಕೂತೆ.

ವಿಷಯ ಇಷ್ಟು. ನನ್ನ ಮಗಳು ವಾರದಲ್ಲಿ ಐದು ದಿನ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಶನಿವಾರ ಮಾತ್ರ ನಾಲ್ಕು ಜನ ಸ್ನೇಹಿತರ ವಾದ್ಯವೃಂದದಲ್ಲಿ ಬೇಸ್ ನುಡಿಸುತ್ತಾಳೆ. ನಾಲ್ಕೇ ತಂತಿಯ, ಉದ್ದ ಕತ್ತಿನ, ಗುಂಯ್ ಎನ್ನುವ ಗಿಟಾರು. ಒಂದು ಕಾರ್ಯಕ್ರಮದಲ್ಲಿ ಧ್ವನಿವ್ಯವಸ್ಥೆ ನೋಡಿಕೊಳ್ಳುತ್ತಿದ್ದಾತ, "ಸ್ವರ ಒಂದು ಕೇಳುತ್ತೆ, ಒಂದು ಕೇಳಲ್ಲ. ಹುಡುಗೀರ ಬೆರಳಿಗೆ ಶಕ್ತಿ ಸಾಲದು ಮೇಡಂ" ಎಂದನಂತೆ. ಅಂದಿನಿಂದ ಇವಳು ಹಟ ಹಿಡಿದು ತಂತಿಯನ್ನು ಬಡಿಯತೊಡಗಿದಳು. ಮೂರು ತಿಂಗಳಿಗೆ ಮಣಿಕಟ್ಟು ಊದಿತು. ವೈದ್ಯರು ನೋಡಿ, ಆರು ವಾರ ವಾದ್ಯ ಮುಟ್ಟಕೂಡದು, ಆಮೇಲೂ ಹೀಗೇ ಬಡಿದರೆ ಪೂರ್ತಿ ಬಿಡಬೇಕಾದೀತು ಎಂದರು. ಬೇರೊಬ್ಬ ಹುಡುಗನನ್ನು ನೋಡಿಕೊಳ್ಳೋಣವೇ ಎಂಬ ಮಾತು ತಂಡದಲ್ಲಿ ಆಗಲೇ ಬಂದುಬಿಟ್ಟಿತ್ತು.

"ಮೆತ್ತಗೆ ನುಡಿಸಿದರೂ ಎಲ್ಲಾ ಸ್ವರ ಸಮನಾಗಿ ಕೇಳೋ ಹಾಗೆ ಮಾಡೋ ಡಬ್ಬಿ ಅದು, ಅಮ್ಮ. ಸರಿಯಾದ್ದನ್ನು ಆರಿಸಬೇಕು. ನೀನು ಬಾ" ಎಂದಳು.

ನಾನು ಯಾಕೆ ಎಂದು ನೀವು ಕೇಳಬಹುದು. ಎರಡು ಕಾರಣ. ಒಂದು, ಹಾಸನದಲ್ಲಿ ನಮ್ಮಪ್ಪನಿಗೆ ರೇಡಿಯೋ ರಿಪೇರಿ ಅಂಗಡಿ ಇತ್ತು. ರೇಡಿಯೋ ಇಟ್ಟುಕೊಂಡವರು ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದ ಕಾಲ ಅದು. ಬೆಸುಗೆಯ ಹೊಗೆ ಕುಡಿದೇ ನಾನು ಬೆಳೆದದ್ದು. ಎರಡನೆಯದು, ಮದುವೆಗೆ ಮುಂಚೆ ನಾನು ಹನ್ನೊಂದು ವರ್ಷ ನಮ್ಮ ದೊಡ್ಡಮ್ಮನ ಹಾಡುಗಾರಿಕೆಗೆ ತಂಬೂರಿ ಹಿಡಿದವಳು. ಒಂದೇ ಸಮ ನುಡಿಸುವುದು ಅಂದರೇನು ಎಂದು ನನಗೆ ಗೊತ್ತು. ತಂಬೂರಿಯವಳ ಹೆಸರು ಆಹ್ವಾನ ಪತ್ರಿಕೆಯಲ್ಲಿ ಇರುವುದಿಲ್ಲ ಎಂಬುದೂ ಗೊತ್ತು.

ಬೆಂಗಳೂರಿಗೆ ಹೋದ ದಿನ ರಾತ್ರಿ ಅವಳು ನನಗೊಂದು ಪಾಠ ಮಾಡಿದಳು. 1981ರ 'ಗೀತಾ' ಚಿತ್ರದ ಹಾಡೊಂದನ್ನು ಹಾಕಿ, "ಹಾಡು ಕೇಳಬೇಡ, ಅದರ ಕೆಳಗೆ ಏನಿದೆ ಕೇಳು" ಎಂದಳು. ಇಳಯರಾಜಾ ಅವರ ಆ ಹಾಡನ್ನು ನಾನು ಸಾವಿರ ಸಲ ಕೇಳಿದ್ದೇನೆ, ಪಾತ್ರೆ ಬೆಳಗುತ್ತಾ ಗುನುಗಿದ್ದೇನೆ. ಆದರೆ ಗಾಯಕರ ದನಿಯ ಕೆಳಗೆ ಇನ್ನೊಂದು ಹಾಡು ತನ್ನ ಪಾಡಿಗೆ ತಾನು ನಡೆದುಕೊಂಡು ಹೋಗುತ್ತಿದೆ ಎಂದು ತಿಳಿದದ್ದು ಅಂದೇ. ಅದೇ ಬೇಸ್. "ಇದನ್ನು ತೆಗೆದುಬಿಟ್ಟರೆ ಏನಾಗುತ್ತೆ?" ಎಂದೆ. "ಏನೋ ಇಲ್ಲ ಅನ್ನಿಸುತ್ತೆ. ಏನಿಲ್ಲ ಅಂತ ಗೊತ್ತಾಗಲ್ಲ" ಎಂದಳು. ಮನೆಯಲ್ಲಿ ಹೆಂಗಸು ಎರಡು ದಿನ ಊರಿಗೆ ಹೋದ ಹಾಗೆ ಎಂದುಕೊಂಡೆ.

ಈ ವಾದ್ಯದ ಚರಿತ್ರೆಯೂ ಕೇಳಿಸದಿರುವ ಸಂಕಟದಿಂದಲೇ ಶುರುವಾದದ್ದು. ಮೊದಲು ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಬೇಸ್ ಅಂದರೆ ಆಳೆತ್ತರದ ಪಿಟೀಲು. ನಿಂತು ನುಡಿಸಬೇಕು. ಡ್ರಮ್ಮು, ತುತ್ತೂರಿಗಳ ಗದ್ದಲದಲ್ಲಿ ಅದು ಮುಳುಗಿಹೋಗುತ್ತಿತ್ತು. 1930ರ ದಶಕದಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್‌ಮಾರ್ಕ್ ಎಂಬಾತ ವಿದ್ಯುತ್ ಬೇಸ್ ಒಂದನ್ನು ಮಾಡಿದ. ಆದರೆ ಅದು ಹೆಚ್ಚು ಹರಡಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್ ಹೊರತಂದ 'ಪ್ರಿಸಿಷನ್ ಬೇಸ್' ಮಾತ್ರ ಜಗತ್ತನ್ನು ಹಿಡಿಯಿತು. ಪ್ರಿಸಿಷನ್ ಅಂದರೆ ನಿಖರತೆ. ವೀಣೆಯ ಹಾಗೆ ಮೆಟ್ಟಿಲುಗಳಿದ್ದುದರಿಂದ ಬೆರಳಿಟ್ಟಲ್ಲಿ ಸ್ವರ ನಿಖರವಾಗಿ ಬರುತ್ತಿತ್ತು, ಅದಕ್ಕೆ ಆ ಹೆಸರು. ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಒಂದು ಕಣ್ಣು ಕಳೆದುಕೊಂಡಿದ್ದ. ಅವನ ಕಸುಬು ರೇಡಿಯೋ ರಿಪೇರಿ! ಇದನ್ನು ಕೇಳಿದಾಗ ನನಗೆ ಅಪ್ಪನ ನೆನಪಾಗಿ ಆ ಮನುಷ್ಯ ನಮ್ಮ ಬೀದಿಯವನೇ ಎನ್ನಿಸಿಬಿಟ್ಟಿತು.

ಕಂಪ್ರೆಸರ್ ಹುಟ್ಟಿದ್ದೂ ರೇಡಿಯೋದಲ್ಲೇ. ನಿಲಯದಿಂದ ಪ್ರಸಾರವಾಗುವ ಶಬ್ದ ಒಂದು ಮಿತಿ ಮೀರಿದರೆ ಕೇಳುವವರಿಗೆ ಕರ್ಕಶವಾಗುತ್ತದೆ. ತೀರಾ ಕಡಿಮೆಯಾದರೆ ಗೊರಗೊರ ಸದ್ದಿನಲ್ಲಿ ಮುಳುಗುತ್ತದೆ. ಅದಕ್ಕೇ ಒಬ್ಬ ಮನುಷ್ಯ ಮುಳ್ಳು ನೋಡುತ್ತಾ, ತಿರುಗುಣಿಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದ. ಗಾಯಕಿ ತಾರಕಕ್ಕೆ ಹೋದರೆ ಇಳಿಸು, ಪಿಸುಗುಟ್ಟಿದರೆ ಏರಿಸು. ಆ ಕೈಯ ಕೆಲಸವನ್ನು ಯಂತ್ರಕ್ಕೆ ವಹಿಸಿದ ಮೊದಮೊದಲ ಸಲಕರಣೆಗಳಲ್ಲಿ ಒಂದು, 1937ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ತಂದ 110ಎ. ಎರಡು ವರ್ಷ ಮುಂಚೆ, 1935ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 'ಆಕಾಶವಾಣಿ'ಯನ್ನು ಶುರುಮಾಡಿದ್ದರು ಎಂಬುದನ್ನು ನೆನೆದರೆ, ಇದೆಲ್ಲ ನಮ್ಮಿಂದ ಅಷ್ಟೇನೂ ದೂರದ ಕಥೆಯಲ್ಲ.

ಈ ಯಂತ್ರ ಮಾಡುವುದೇನು? ಮಗಳು 'ತ್ರೆಶೋಲ್ಡ್', 'ರೇಶಿಯೋ', 'ಅಟ್ಯಾಕ್', 'ರಿಲೀಸ್' ಎಂದು ನಾಲ್ಕು ಪದ ಹೇಳಿದಳು. ನಾನು ಅದನ್ನು ನನ್ನ ಒಲೆಯ ಮೇಲಿಟ್ಟುಕೊಂಡು ಅರ್ಥ ಮಾಡಿಕೊಂಡೆ. ಹಾಲು ಕಾಯಿಸುವಾಗ ಪಾತ್ರೆಯಲ್ಲಿ ಒಂದು ಮಟ್ಟ ಇರುತ್ತದಲ್ಲ, ಅದನ್ನು ದಾಟಿದರೆ ಉರಿ ಇಳಿಸುತ್ತೇವೆ. ಆ ಮಟ್ಟವೇ ತ್ರೆಶೋಲ್ಡ್, ಅಂದರೆ ಹೊಸ್ತಿಲು. ಉರಿಯನ್ನು ಎಷ್ಟು ಇಳಿಸಬೇಕು ಎಂಬುದು ರೇಶಿಯೋ. 4ಕ್ಕೆ 1 ಅಂದರೆ, ಹೊಸ್ತಿಲು ದಾಟಿದ ಶಬ್ದ ನಾಲ್ಕು ಡೆಸಿಬೆಲ್ ಏರಿದರೆ ಹೊರಗೆ ಬರುವುದು ಒಂದೇ ಡೆಸಿಬೆಲ್. ಹಾಲು ಉಕ್ಕಿದ್ದು ಕಂಡಮೇಲೆ ಕೈ ಎಷ್ಟು ಬೇಗ ಒಲೆಗೆ ಹೋಗುತ್ತದೆ ಎಂಬುದು ಅಟ್ಯಾಕ್. ನೊರೆ ಇಳಿದ ಮೇಲೆ ಎಷ್ಟು ಬೇಗ ಮತ್ತೆ ಉರಿ ಏರಿಸುತ್ತೀರಿ ಎಂಬುದು ರಿಲೀಸ್. ಇಷ್ಟೇ.

"ಹಾಗಾದರೆ ಸುಮ್ಮನೆ ವಾಲ್ಯೂಮ್ ಜಾಸ್ತಿ ಮಾಡಿದರೆ ಸಾಲದೇನೇ?" ಎಂದೆ. "ಆಗ ಸಣ್ಣ ಸ್ವರದ ಜೊತೆ ದೊಡ್ಡ ಸ್ವರವೂ ದೊಡ್ಡದಾಗುತ್ತಲ್ಲಮ್ಮ. ಅದು ಗುಡುಗಿದ ಕೂಡಲೇ ಸೌಂಡಿನವನು ಪೂರ್ತಿ ಬೇಸನ್ನೇ ಇಳಿಸುತ್ತಾನೆ." ಸರಿ. ಕಂಪ್ರೆಸರ್ ಮೊದಲು ದೊಡ್ಡದನ್ನು ತಗ್ಗಿಸುತ್ತದೆ. ತಗ್ಗಿಸಿದ ಮೇಲೆ ಒಟ್ಟಾರೆ ಎಲ್ಲವನ್ನೂ ಎತ್ತಬಹುದು. ಆಗ ಸಣ್ಣದೂ ಕೇಳುತ್ತದೆ.

ಹಳೆಯ ಕಂಪ್ರೆಸರುಗಳ ಕಥೆ ಕೇಳಲು ಮಜಾ. 1959ರ ಹೊತ್ತಿಗೆ ಎಸ್ಟೋನಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ರೀನ್ ನಾರ್ಮಾ ವಿನ್ಯಾಸ ಮಾಡಿದ 'ಫೇರ್‌ಚೈಲ್ಡ್ 670'ರಲ್ಲಿ 20 ವಾಲ್ವುಗಳು, 14 ಟ್ರಾನ್ಸ್‌ಫಾರ್ಮರುಗಳು. ತೂಕ ಸುಮಾರು 30 ಕಿಲೋ, ಅಂದರೆ ನಮ್ಮ ಮನೆಯ ಗ್ರೈಂಡರಿಗಿಂತ ಭಾರ! ಗ್ರಾಮಫೋನ್ ತಟ್ಟೆ ಕೊರೆಯುವಾಗ ಶಬ್ದ ಮಿತಿ ಮೀರದಂತೆ ಕಾಯುವುದು ಅದರ ಮುಖ್ಯ ಕೆಲಸ. ಬೇಸ್ ಸ್ವರ ಜೋರಾದರೆ ತಟ್ಟೆಯ ಗೀರು ಅಗಲವಾಗಿ ಮುಳ್ಳು ಹಾರುತ್ತದೆ ಎಂದು ಆಗ ಎಲ್ಲರಿಗೂ ಹೆದರಿಕೆ. 1966ರಲ್ಲಿ ಬೀಟಲ್ಸ್ ತಂಡ 'ಪೇಪರ್‌ಬ್ಯಾಕ್ ರೈಟರ್' ಹಾಡನ್ನು ಮುದ್ರಿಸುವಾಗ, ಬೇಸ್ ಚೆನ್ನಾಗಿ ಕೇಳಲೆಂದು ಒಂದು ಧ್ವನಿವರ್ಧಕವನ್ನೇ ಮೈಕಿನ ಹಾಗೆ ಎದುರಿಗಿಟ್ಟರು. ಬೇಸ್ ವಾದಕರು ಹೀಗೆ ಅಂಗುಲ ಅಂಗುಲವಾಗಿ ಜಾಗ ಗಿಟ್ಟಿಸಿಕೊಂಡವರು.

ಕ್ಯಾಲಿಫೋರ್ನಿಯಾದ ಜಿಮ್ ಲಾರೆನ್ಸ್ 1960ರ ದಶಕದ ಮೊದಲಲ್ಲಿ ಮಾಡಿದ 'ಎಲ್‌ಎ-2ಎ' ನನಗೆ ಬಹಳ ಹಿಡಿಸಿತು. ಅದರೊಳಗೆ ಒಂದು ಪುಟ್ಟ ಬೆಳಕಿನ ಫಲಕ. ಶಬ್ದ ಹೆಚ್ಚಿದಷ್ಟೂ ಅದು ಬೆಳಗುತ್ತದೆ. ಆ ಬೆಳಕು ಎದುರಿನ ಬಿಡಿಭಾಗದ ಮೇಲೆ ಬಿದ್ದು ಶಬ್ದ ತಗ್ಗುತ್ತದೆ. ತಗ್ಗಿದ್ದು ಮೇಲೇಳುವ ರೀತಿಯೂ ವಿಚಿತ್ರ: ಅರ್ಧ ಕೂಡಲೇ ಏಳುತ್ತದೆ, ಉಳಿದರ್ಧ ನಿಧಾನವಾಗಿ, ಕೆಲವೊಮ್ಮೆ ಹಲವಾರು ಸೆಕೆಂಡು. ನಮ್ಮನೆಯವರ ಕೋಪವೂ ಹೀಗೇ. ಅರ್ಧ ತಕ್ಷಣ ಇಳಿಯುತ್ತದೆ, ಉಳಿದರ್ಧಕ್ಕೆ ಸಂಜೆಯ ಕಾಫಿ ಆಗಬೇಕು.

ಆಮೇಲೆ 1967ರಲ್ಲಿ ಬಿಲ್ ಪುಟ್ನಮ್ ವಾಲ್ವ್ ಬಿಟ್ಟು ಟ್ರಾನ್ಸಿಸ್ಟರ್ ಹಾಕಿ '1176' ಎಂಬುದನ್ನು ಮಾಡಿದ. ಮಹಾ ಚುರುಕು. ಅದರ ಅಟ್ಯಾಕ್ ಒಂದು ಸೆಕೆಂಡಿನ ಲಕ್ಷದಲ್ಲಿ ಎರಡು ಭಾಗದಷ್ಟು ಬೇಗ ಇರಬಲ್ಲದು. ಅದರ ಮುಖದ ಮೇಲೆ ನಾಲ್ಕು ಗುಂಡಿಗಳು: 4, 8, 12, 20. ಈ ನಾಲ್ಕು ಅಂಕೆಗಳನ್ನು ನೆನಪಿಡಿ. 1970ರ ದಶಕದಲ್ಲಿ ಕಂಪ್ರೆಸರ್ ಸ್ಟುಡಿಯೋ ಬಿಟ್ಟು ಕಾಲ ಬಳಿ ಬಂತು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನ ಎಂಎಕ್ಸ್‌ಆರ್ ಕಂಪನಿಯ 'ಡೈನಾ ಕಾಂಪ್' ಎರಡೇ ತಿರುಗುಣಿಯ ಕೆಂಪು ಡಬ್ಬಿ. ಕಾಲಿನಿಂದ ಒತ್ತಿದರಾಯಿತು.

ಆದರೆ ಯಂತ್ರಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಬ್ಬರು ಮನುಷ್ಯರು. ಒಬ್ಬರು ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಜೇಮ್ಸ್ ಜೇಮರ್‌ಸನ್. ಬಲಗೈಯ ಒಂದೇ ತೋರುಬೆರಳಿನಿಂದ ಮೀಟುತ್ತಿದ್ದವರು. 1960ರ ದಶಕದಲ್ಲಿ ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳಿಗೆ ಬೇಸ್ ಕೊಟ್ಟರೂ ಅವರ ಹೆಸರು ತಟ್ಟೆಯ ಹೊದಿಕೆಯ ಮೇಲೆ ಬರಲು 1971ರ ಮಾರ್ವಿನ್ ಗೇ ಅವರ ಆಲ್ಬಂವರೆಗೆ ಕಾಯಬೇಕಾಯಿತು. 1983ರಲ್ಲಿ, 47ನೇ ವಯಸ್ಸಿಗೇ ತೀರಿಕೊಂಡರು.

ಇನ್ನೊಬ್ಬರು ಕ್ಯಾರೊಲ್ ಕೇ. 1935ರಲ್ಲಿ ಹುಟ್ಟಿದವರು. ಬಡತನದಿಂದಾಗಿ ಹದಿಹರೆಯದಲ್ಲೇ ಗಿಟಾರ್ ಪಾಠ ಹೇಳಿ ಸಂಪಾದಿಸಿದರು. ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದಾಗ, 1963ರಲ್ಲಿ ಒಂದು ದಿನ ಬೇಸ್ ನುಡಿಸುವಾತ ಬರಲಿಲ್ಲ. ಇವರ ಕೈಗೆ ಬೇಸ್ ಕೊಟ್ಟರು. ಆ ವಾದ್ಯ ಅವರನ್ನು ಬಿಡಲಿಲ್ಲ. ಸುಮಾರು ಹತ್ತು ಸಾವಿರ ಧ್ವನಿಮುದ್ರಣಗಳಲ್ಲಿ ನುಡಿಸಿದ್ದಾರೆಂದು ಅಂದಾಜು. ಗಂಡಸರೇ ತುಂಬಿದ್ದ ಕೋಣೆಗಳಲ್ಲಿ, ಮಕ್ಕಳನ್ನು ಸಾಕುತ್ತಾ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತಾ. 'ಮಿಷನ್ ಇಂಪಾಸಿಬಲ್' ಧಾರಾವಾಹಿಯ ಸಂಗೀತದಲ್ಲಿರುವ ಬೇಸ್ ಅವರದು. 1969ರಲ್ಲಿ ಬೇಸ್ ಕಲಿಸುವ ಪುಸ್ತಕವನ್ನೇ ಬರೆದರು. 2025ರಲ್ಲಿ ಅಮೆರಿಕದ ರಾಕ್ ಸಂಗೀತದ ಗೌರವ ಮಂದಿರಕ್ಕೆ ಆರಿಸಿದಾಗ, ಸ್ಟುಡಿಯೋ ಕೆಲಸ ಒಬ್ಬರದಲ್ಲ, ತಂಡದ್ದು ಎಂದು ಆ ಗೌರವವನ್ನು ಬೇಡವೆಂದರು.

ಅವರು ತಂತಿಗಳ ಮೇಲೆ ಉಣ್ಣೆಬಟ್ಟೆಯ ಒಂದು ತುಂಡನ್ನು ಅಂಟಿಸಿಕೊಳ್ಳುತ್ತಿದ್ದರಂತೆ, ಸ್ವರ ಅತಿಯಾಗಿ ಮೊಳಗದೆ ಗುಂಡಗೆ ಬರಲೆಂದು. ಜೇಮರ್‌ಸನ್ ಅವರ ವಾದ್ಯದಲ್ಲೂ ಹಾಗೇ ಸ್ಪಂಜಿನ ತುಂಡಿತ್ತು. "ನೋಡಿದೆಯಾ, ಹತ್ತು ಸಾವಿರ ಸಲ ಒಬ್ಬ ಹೆಂಗಸು ನುಡಿಸಿದ್ದಾಳೆ. ಬೆರಳಿನ ಶಕ್ತಿಯ ಮಾತು ಆಡಿದವನಿಗೆ ಇದನ್ನು ಹೇಳಬೇಕಿತ್ತು" ಎಂದೆ. ಮಗಳು ಮಣಿಕಟ್ಟು ನೋಡಿಕೊಳ್ಳುತ್ತಾ, "ಅವನಿಗೆ ಹೇಳಿ ಏನಾಗಬೇಕು. ನನಗೇ ಯಾರೂ ಹೇಳಿರಲಿಲ್ಲ" ಎಂದಳು. ಆ ಮಾತು ನನಗೆ ನಾಟಿತು.

ಆರು ವಾರ ಮುಗಿದ ಮೇಲೆ ಪರೀಕ್ಷೆ ಶುರುವಾಯಿತು. ಮೊದಲು ಸ್ನೇಹಿತನಿಂದ ಎರವಲು ತಂದ, ಗಿಟಾರಿಗೆಂದೇ ಮಾಡಿದ ಒಂದು ಡಬ್ಬಿ. ಮೆತ್ತಗೆ ನುಡಿಸಿದಳು. ನಿಜವಾಗಿಯೂ ಎಲ್ಲ ಸ್ವರ ಸಮ! ಅವಳ ಮುಖ ಅರಳಿತು. ನನಗೆ ಮಾತ್ರ ಏನೋ ಸರಿಹೋಗಲಿಲ್ಲ. ಇನ್ನೊಮ್ಮೆ ನುಡಿಸೆಂದೆ. "ಸ್ವರ ಇದೆ, ಆದರೆ ನಿನ್ನ ಬೆರಳು ಎಲ್ಲಿ ಹೋಯಿತು?" ಎಂದೆ. ತಂತಿಗೆ ಬೆರಳು ತಾಗುವ ಆ ಮೊದಲ ಕ್ಷಣದ 'ಟಕ್' ಎನ್ನುವುದೇ ಇರಲಿಲ್ಲ. ಎಲ್ಲ ಮುಖಗಳಿಗೂ ಒಂದೇ ಪೌಡರ್ ಬಳಿದ ಹಾಗಿತ್ತು. ಜೊತೆಗೆ ಅವಳು ಸುಮ್ಮನಿದ್ದಾಗ ಹಿಂದಿನಿಂದ ಸುಯ್ ಎಂಬ ಸದ್ದು ಮೇಲೇಳುತ್ತಿತ್ತು. ಸಣ್ಣದನ್ನೆಲ್ಲ ಎತ್ತುವ ಯಂತ್ರ ಕಸವನ್ನೂ ಎತ್ತುತ್ತದೆ.

ಬೇಸಿಗೆ ಕಂಪ್ರೆಸರ್ ಆರಿಸುವಾಗ ಏನು ನೋಡಬೇಕೆಂದು ಆಗ ಕೂತು ಲೆಕ್ಕ ಹಾಕಿದೆವು. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಿಟಾರಿನ ದಪ್ಪ ತಂತಿ ಅದರ ಎರಡರಷ್ಟು. ಅಂದರೆ ಬೇಸಿನ ಒಂದು ಅಲೆ ಮುಗಿಯಲು ಸೆಕೆಂಡಿನ ಸಾವಿರದಲ್ಲಿ 24 ಭಾಗ ಹಿಡಿಯುತ್ತದೆ. ಅಷ್ಟರೊಳಗೇ ಯಂತ್ರ ಇಳಿಸಿ ಏರಿಸಿ ಅವಸರ ಮಾಡಿದರೆ ಅಲೆಯ ಆಕಾರವೇ ಕೆಟ್ಟು ಸ್ವರ ಒರಟಾಗುತ್ತದೆ. ಆದ್ದರಿಂದ ಅಟ್ಯಾಕ್, ರಿಲೀಸ್ ಎರಡನ್ನೂ ನಾವೇ ತಿರುಗಿಸುವ ಹಾಗಿರಬೇಕು. ಅಟ್ಯಾಕ್ ಸ್ವಲ್ಪ ನಿಧಾನವಿದ್ದರೆ ಬೆರಳಿನ 'ಟಕ್' ಮೊದಲು ಹೊಸ್ತಿಲು ದಾಟಿ ಹೋಗುತ್ತದೆ, ಆಮೇಲೆ ಯಂತ್ರ ಬಾಗಿಲು ಓರೆ ಮಾಡುತ್ತದೆ. ಕೆಲವು ಡಬ್ಬಿಗಳಲ್ಲಿ ಮೂಲ ನಾದವನ್ನೂ ಅದುಮಿದ ನಾದವನ್ನೂ ಬೆರೆಸುವ ತಿರುಗುಣಿ ಇರುತ್ತದೆ. ಅದೂ ಒಳ್ಳೆಯದೇ. ಮತ್ತೆ, ಎಷ್ಟು ಅದುಮುತ್ತಿದೆ ಎಂದು ತೋರಿಸುವ ದೀಪಗಳಿರಬೇಕು. ನನ್ನಪ್ಪ ಹೇಳುತ್ತಿದ್ದರು, ಕಿವಿ ಬೇಗ ಒಗ್ಗಿಕೊಳ್ಳುತ್ತದೆ, ಮುಳ್ಳು ಒಗ್ಗಿಕೊಳ್ಳುವುದಿಲ್ಲ ಎಂದು.

ಕೊನೆಗೆ ಆರಿಸಿದ್ದು ಬೇಸಿಗೆಂದೇ ಮಾಡಿದ ಎಂಎಕ್ಸ್‌ಆರ್ ಎಂ87. ಅಂಗೈಯಗಲದ ಡಬ್ಬಿ, ಐದು ತಿರುಗುಣಿ, ಹತ್ತು ಪುಟ್ಟ ದೀಪ. ರೇಶಿಯೋ ತಿರುಗುಣಿಯ ಸುತ್ತ ಕನ್ನಡಕ ಹಾಕಿಕೊಂಡು ನೋಡಿದರೆ 4, 8, 12, 20! ಪುಟ್ನಮ್ ಅವರ 1967ರ ಅವೇ ನಾಲ್ಕು ಅಂಕೆಗಳು. ಹಳೆಯ ಗೆಳತಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಾಗಾಯಿತು. ನಾಲ್ಕಕ್ಕೆ ಇಟ್ಟೆವು. ಅಟ್ಯಾಕ್ ನಿಧಾನ, ರಿಲೀಸ್ ಮಧ್ಯಮ. ಜೋರಾಗಿ ನುಡಿಸಿದಾಗ ಮಾತ್ರ ಎರಡು ಮೂರು ದೀಪ ಹತ್ತಬೇಕು, ಸದಾ ಹತ್ತಿರಬಾರದು. ಅವಳ ಉಳಿತಾಯದ ದುಡ್ಡಿನಲ್ಲೇ ಕೊಂಡಳು. ನಾನು ಕೊಡಲು ಹೋದದ್ದಕ್ಕೆ ಬೈಸಿಕೊಂಡೆ.

ಇಷ್ಟಾದ ಮೇಲೆ ಒಂದು ನಿಜ ಹೇಳಬೇಕು. ಡಬ್ಬಿ ಅರ್ಧ ಕೆಲಸ ಮಾಡಿತು, ಅರ್ಧ ಮಾಡಿದ್ದು ಅವಳೇ. ದಿನಾ ಬೆಳಿಗ್ಗೆ ಯಂತ್ರ ಆರಿಸಿ, ಕಾಲು ಗಂಟೆ, ತಂಬೂರಿ ಮೀಟುವ ಹಾಗೆ ಹಗುರವಾಗಿ ಒಂದೇ ತಂತಿಯನ್ನು ಮೀಟು ಎಂದೆ. ನಮ್ಮ ದೊಡ್ಡಮ್ಮ ನನಗೆ ಹೇಳಿಕೊಟ್ಟದ್ದು ಅದನ್ನೇ. ಹನ್ನೊಂದು ವರ್ಷ ಕೆಲಸಕ್ಕೆ ಬಾರದ್ದೆಂದು ನಾನೇ ಅಂದುಕೊಂಡಿದ್ದ ವಿದ್ಯೆ ಹೀಗೆ ಮಗಳ ಕೈಗೆ ಹೋಯಿತು. ಮಣಿಕಟ್ಟಿನ ನೋವು ಮತ್ತೆ ಬರಲಿಲ್ಲ. ಬೇರೆ ಹುಡುಗನ ಮಾತೂ ಮತ್ತೆ ಬರಲಿಲ್ಲ.

ಮುಂದಿನ ಕಾರ್ಯಕ್ರಮಕ್ಕೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹುಡುಗರ ಹಾಡುಗಳೆಲ್ಲ ನನಗೆ ಅರ್ಥವಾಗಲಿಲ್ಲ. ಆದರೆ ಕೆಳಗೆ ನಡೆಯುತ್ತಿದ್ದ ಹಾಡು ಪೂರ್ತಿ ಕೇಳಿಸಿತು, ಒಂದು ಸ್ವರವೂ ತಪ್ಪದೆ, ಬೆರಳಿನ 'ಟಕ್' ಸಮೇತ. ಪಕ್ಕದಲ್ಲಿದ್ದ ನನ್ನ ವಯಸ್ಸಿನ ಹೆಂಗಸೊಬ್ಬರು ಗೊತ್ತಿಲ್ಲದೇ ಪಾದ ಕುಣಿಸುತ್ತಿದ್ದರು.

ಕೊನೆಯಲ್ಲಿ ನಿರೂಪಕ ಹುಡುಗ ಎಲ್ಲರನ್ನೂ ಪರಿಚಯಿಸಿದ. ಹಾಡಿದವನ ಹೆಸರು, ಗಿಟಾರಿನವನ ಹೆಸರು, ಡ್ರಮ್ಮಿನವನ ಹೆಸರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ವಂದನಾರ್ಪಣೆಗೆ ಹೊರಟೇಬಿಟ್ಟ. ಮೂರು ಹೆಸರು, ನಾಲ್ಕು ಜನ. ಮಗಳು ತಲೆ ತಗ್ಗಿಸಿ ವೈರು ಸುತ್ತುತ್ತಿದ್ದಳು.

ಚಿಕ್ಕಂದಿನಿಂದ "ಮೆತ್ತಗೆ ಮಾತಾಡೇ, ಹೆಣ್ಣುಮಗಳು" ಎಂದು ಹೇಳಿಸಿಕೊಂಡು ಬೆಳೆದವಳು ನಾನು. ಸಭೆಯಲ್ಲಿ ಒಂದು ದಿನ ದನಿಯೆತ್ತಿದವಳಲ್ಲ. ಅಂದು ಅದೇನಾಯಿತೋ, ಎದ್ದು ನಿಂತು ಮಗಳ ಹೆಸರನ್ನು ಕೂಗಿಬಿಟ್ಟೆ. ಇಡೀ ಸಭಾಂಗಣ ಹಿಂತಿರುಗಿ ನೋಡಿತು. ಪಕ್ಕದ ಹೆಂಗಸು ಮೊದಲು ಬೆಚ್ಚಿಬಿದ್ದು, ಆಮೇಲೆ ಚಪ್ಪಾಳೆ ತಟ್ಟಿದರು. ಮಿಕ್ಕವರೂ ತಟ್ಟಿದರು.

ಮನೆಗೆ ಬರುವಾಗ ಆಟೋದಲ್ಲಿ ಮಗಳು ನನ್ನ ಭುಜಕ್ಕೆ ಒರಗಿ, "ಅಮ್ಮಾ, ನಿನಗೊಂದು ಕಂಪ್ರೆಸರ್ ತರಬೇಕಿತ್ತು" ಎಂದಳು.

"ಬೇಡ ಕಣೇ. ಇಷ್ಟು ವರ್ಷ ಇತ್ತು. ಈಗ ತಾನೇ ತೆಗೆದಿಟ್ಟೆ" ಎಂದೆ.